ಕುರುಕ್ಷೇತ್ರದ ಮಾರನೆಯ ಬೆಳಿಗ್ಗೆ

ಸುಗ್ಗಿ ಮುಗಿದು ಗದ್ದೆಗಳು ಬಿಡುವಾದವೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪೌರಾಣಿಕ ನಾಟಕಗಳ ಕಾಲ ಬಂತೆಂದೇ ಲೆಕ್ಕ. ಶಿಂಷಾ ನದಿಯ ದಂಡೆಯಲ್ಲಿ ವೈದ್ಯನಾಥೇಶ್ವರನ ಗುಡಿ ಇಟ್ಟುಕೊಂಡಿರುವ ವೈದ್ಯನಾಥಪುರದ ಸುತ್ತಮುತ್ತಲಿನ ಹಳ್ಳಿಗಳಿಂದ ಹಿಡಿದು ಮಂಡ್ಯದ ಕಲಾಮಂದಿರದವರೆಗೆ ಗೋಡೆಗೋಡೆಗೂ ಕರಪತ್ರ ಅಂಟಿರುತ್ತದೆ. ಹತ್ತರಲ್ಲಿ ಹೆಚ್ಚಿನವು 'ಕುರುಕ್ಷೇತ್ರ'ದವು. ಇಲ್ಲಿ ಪಾತ್ರ ಮಾಡುವವನಿಗೆ ಸಂಭಾವನೆ ಕೊಡುವ ಪದ್ಧತಿಯಿಲ್ಲ, ಅವನೇ ದುಡ್ಡು ಕಟ್ಟಿ ಪಾತ್ರ ತೆಗೆದುಕೊಳ್ಳಬೇಕು. ಕೃಷ್ಣ, ದುರ್ಯೋಧನ, ಭೀಮನ ಪಾತ್ರಗಳಿಗೆ ದರ ಹೆಚ್ಚು, ಸಣ್ಣಪುಟ್ಟ ಪಾತ್ರಗಳಿಗೆ ಕಡಿಮೆ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲೋ ಡೇರಿಯಲ್ಲೋ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಕಂದ, ಹಾಡು, ಮಾತು ಕಲಿಯುತ್ತಾರೆ. ದ್ರೌಪದಿ, ರುಕ್ಮಿಣಿಯರಿಗೆ ವೃತ್ತಿ ಕಲಾವಿದೆಯರು ಹೊರಗಿನಿಂದ ಬರುತ್ತಾರೆ. ಸೀನರಿ, ಜರಿ ಅಂಗಿ, ಕಿರೀಟ, ಗದೆ ಎಲ್ಲವೂ ಬಾಡಿಗೆಯವು.

ನಾಟಕ ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಶುರುವಾದರೆ ಬೆಳಕು ಹರಿಯುವವರೆಗೂ ನಡೆಯುತ್ತದೆ. ನಡುವೆ ಶಿಳ್ಳೆ, 'ಒನ್ಸ್ ಮೋರ್', ನೋಟಿನ ಹಾರ, ಹಾರ ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗುವುದು ಎಲ್ಲ ಉಂಟು. ಆ ಹಾರಗಳನ್ನು ಯಾರೂ ವಿಮರ್ಶೆ ಎಂದುಕೊಳ್ಳುವುದಿಲ್ಲ. ಹಾರ ಹಾಕಿದವನು ಭಾವಮೈದನೋ ಸಾಲಗಾರನೋ ಮುಂದಿನ ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುವವನೋ ಎಂಬುದು ಊರಿಗೆಲ್ಲ ಗೊತ್ತು. ನಿಜವಾದ ಮಾತು ಹೊರಬೀಳುವುದು ಮಾರನೆಯ ಬೆಳಿಗ್ಗೆ ಟೀ ಅಂಗಡಿಯ ಮುಂದೆ. "ರಾಗ ಎತ್ಕೊಂಡ, ಇಳಿಸಕ್ಕೇ ಬರ್ನಿಲ್ಲ ಕಣ್ಲಾ" ಎನ್ನುತ್ತಾನೆ ಒಬ್ಬ. "ಮಾತೇನೋ ಚೆನ್ನಾಗಿತ್ತು, ಸಂಧಾನದ ಸೀನಲ್ಲಿ ಕೃಷ್ಣ ಅಷ್ಟೊಂದ್ ಸಿಟ್ ಮಾಡ್ಕಂಡ್ರೆ ಹೆಂಗೆ?" ಎಂದು ಇನ್ನೊಬ್ಬ. ಮೂರನೆಯವನದು ಹೋಲಿಕೆ: ಅವರಪ್ಪ ಇದೇ ಪಾತ್ರ ಮಾಡಿದ್ದಾಗ ಗದೆ ಕೆಳಕ್ಕಿಟ್ಟು ಹಾಡುತ್ತಿದ್ದ, ಇವನು ಹೆಗಲ ಮೇಲಿಂದ ಇಳಿಸಲೇ ಇಲ್ಲ. ನಾಲ್ಕನೆಯವನಿಗೆ ಹಾಡು, ಮಾತು ಯಾವುದೂ ಬೇಕಿಲ್ಲ. ದುರ್ಯೋಧನನ ಪಾತ್ರ ಯಾವ ಮನೆತನಕ್ಕೆ ಹೋಯಿತು, ಸಾರಥಿಯ ಪಾತ್ರ ಯಾರ ಪಾಲಿಗೆ ಬಂತು ಎಂಬುದರ ಮೇಲೇ ಅವನ ಕಣ್ಣು.

ಕನ್ನಡದ ಸಾಹಿತ್ಯ ವಿಮರ್ಶೆ ನೂರು ವರ್ಷಗಳಲ್ಲಿ ಹಿಡಿದ ದಾರಿಗಳಲ್ಲಿ ಬಹುಪಾಲು ಈ ಟೀ ಅಂಗಡಿಯ ಬೆಂಚಿನ ಮೇಲೇ ಸಿಗುತ್ತವೆ ಎಂದರೆ ಪಂಡಿತರಿಗೆ ಮುನಿಸು ಬರಬಹುದು. ಬರಲಿ. 9ನೇ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ 'ಕವಿರಾಜಮಾರ್ಗ'ದಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಈ ನಾಡಿನ ಜನ ಶಾಸ್ತ್ರ ಓದದೆಯೂ ಕಾವ್ಯದ ಬಳಕೆ ಬಲ್ಲವರು, ಗುಣದೋಷ ಹೇಳಬಲ್ಲವರು ಎಂಬುದು ಅವನ ಮಾತಿನ ಸಾರ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕಾಶ್ಮೀರದಲ್ಲಿ ಆನಂದವರ್ಧನ 'ಧ್ವನ್ಯಾಲೋಕ' ಬರೆದು, ಕಾವ್ಯದ ಒಳದನಿ ಕೇಳಿಸುವುದು ಸಹೃದಯನಿಗೆ ಎಂದು ಸಿದ್ಧಾಂತ ಕಟ್ಟಿದ. ಆ ಸಹೃದಯ ಕಾವ್ಯಾಭ್ಯಾಸದಿಂದ ಪಳಗಿದವನು. ಶ್ರೀವಿಜಯನೂ ಧ್ವನಿಯನ್ನು ಹೆಸರಿಸುತ್ತಾನೆ, ಅಲಂಕಾರಗಳಲ್ಲಿ ಒಂದೆಂದು. ಆದರೆ ಪಳಗಿದ ಕಿವಿಯನ್ನು ಆಸ್ಥಾನದ ಒಳಗೆ ಮಾತ್ರ ಹುಡುಕಬೇಕಿಲ್ಲ ಎಂಬ ಅವನ ನಂಬಿಕೆಯನ್ನು ಕನ್ನಡದ ವಿಮರ್ಶೆ ಆಮೇಲೆ ಬಹುಕಾಲ ಮರೆತೇಬಿಟ್ಟಿತು.

ದುರ್ಯೋಧನನನ್ನೇ ತೆಗೆದುಕೊಳ್ಳಿ. ರನ್ನನ 'ಗದಾಯುದ್ಧ'ಕ್ಕೆ ಇನ್ನೊಂದು ಹೆಸರು 'ಸಾಹಸಭೀಮವಿಜಯ'. ಚಾಳುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನ ಆಶ್ರಯದಲ್ಲಿದ್ದ ಕವಿ, ತನ್ನ ದೊರೆಯನ್ನು ಭೀಮನ ಜೊತೆ ಸಮೀಕರಿಸಿ ಬರೆದ ಕಾವ್ಯ ಅದು. ಹೆಸರಿನ ಪ್ರಕಾರ ಭೀಮನೇ ನಾಯಕ. ಓದುಗನ ಮನಸ್ಸು ಹೋಗುವುದು ಮಾತ್ರ ಹೆಣಗಳ ನಡುವೆ ದಾರಿ ಮಾಡಿಕೊಂಡು ಭೀಷ್ಮನನ್ನು ಕಾಣಲು ನಡೆಯುವ ದುರ್ಯೋಧನನ ಕಡೆಗೆ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಹೆಣದ ಮುಂದೆಯೂ ಅವನು ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತಾಗ, ತನಗೂ ಇಂಥ ಸಾವು ಬರಬಾರದೇ ಎಂದು ಹಂಬಲಿಸುತ್ತಾನೆ. ರಸದ ಲೆಕ್ಕ ಹಾಕುವವರು ಇಲ್ಲಿ ವೀರ ಎಷ್ಟು, ಕರುಣ ಎಷ್ಟು ಎಂದು ಅಳೆದರು. ನಾಯಕ ಯಾರು ಎಂಬ ಚರ್ಚೆ ವಿದ್ವಾಂಸರಲ್ಲಿ ದಶಕಗಳ ಕಾಲ ನಡೆಯಿತು.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯ (1884–1946) ಇದೇ ಕಾವ್ಯವನ್ನು ಹೊಸ ಕಣ್ಣಿನಿಂದ ನೋಡಿದರು. ಗ್ರೀಕ್ ರುದ್ರನಾಟಕಗಳನ್ನು ಪ್ರೀತಿಯಿಂದ ಓದಿದ್ದ ಅವರಿಗೆ ರನ್ನನ ದುರ್ಯೋಧನ ಏಜಾಕ್ಸನ ಅಣ್ಣತಮ್ಮನಂತೆ ಕಂಡ. ಕಾವ್ಯದಿಂದಲೇ ಆಯ್ದು 'ಗದಾಯುದ್ಧ ನಾಟಕ' (1926) ಕಟ್ಟಿದರು, ಮುಂದೆ ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' (1929) ಮಾಡಿದರು. ಇವುಗಳನ್ನು ರೂಪಾಂತರ ಎಂದು ಪಠ್ಯದಲ್ಲಿ ಓದಿಸಿ ಮುಗಿಸುತ್ತೇವೆ. ವಿಮರ್ಶೆಯಾಗಿ ಓದಿದರೆ ಅವುಗಳ ತೂಕ ಬೇರೆ: ಯಾವ ಪದ್ಯ ಉಳಿಸಿಕೊಂಡರು, ಯಾವುದನ್ನು ಬಿಟ್ಟರು, ಎಲ್ಲಿ ತೆರೆ ಎಳೆದರು ಎಂಬ ಒಂದೊಂದು ನಿರ್ಧಾರವೂ ರನ್ನನ ಬಗ್ಗೆ ಒಂದೊಂದು ಅಭಿಪ್ರಾಯ. ಪಾಶ್ಚಾತ್ಯ ಕಣ್ಣಿನಿಂದ ದೇಸಿ ಕೃತಿಯನ್ನು ನೋಡುವುದು ಸರಿಯೇ ಎಂಬ ತಕರಾರು ಇಂದಿಗೂ ಇದೆ. ತಕರಾರು ನ್ಯಾಯವಾದದ್ದೇ. ಆದರೂ ಬಿಎಂಶ್ರೀ ತಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಮುಚ್ಚಿಡಲಿಲ್ಲ. ಆ ಕಾರಣಕ್ಕೇ ಅವರ ಜೊತೆ ಇವತ್ತೂ ಜಗಳ ಆಡಲು ಸಾಧ್ಯ.

ವಿಮರ್ಶಕನಿಂದ ಕೇಳಬೇಕಾದದ್ದು ಇಷ್ಟೇ. ಕೃತಿ ಚೆನ್ನಾಗಿದೆಯೇ ಇಲ್ಲವೇ ಎಂಬ ತೀರ್ಪು ಎಲ್ಲರ ಬಾಯಲ್ಲೂ ಇರುತ್ತದೆ. ಯಾಕೆ, ಯಾವ ಸಾಲಿನಲ್ಲಿ, ಯಾವುದಕ್ಕೆ ಹೋಲಿಸಿ ಎಂದು ಹೇಳುವ ಜವಾಬ್ದಾರಿಯನ್ನು ಹೊತ್ತವನು ವಿಮರ್ಶಕ. ಟೀ ಅಂಗಡಿಯ ಮುಂದೆ "ಇಳಿಸಕ್ಕೇ ಬರ್ನಿಲ್ಲ" ಎಂದವನು ಆ ಜವಾಬ್ದಾರಿ ಹೊತ್ತಿದ್ದಾನೆ. ಅವನಿಗೆ ಹಾಡು ಗೊತ್ತು, ಆ ಹಾಡನ್ನು ಹಿಂದೆ ಹಾಡಿದವರು ಗೊತ್ತು. ಭೀಮನ ಪಾತ್ರಧಾರಿ ಸಂಜೆ ಡೇರಿಯ ಸಾಲಿನಲ್ಲಿ ತನ್ನ ಮುಂದೆಯೇ ಕ್ಯಾನು ಹಿಡಿದು ನಿಲ್ಲುತ್ತಾನೆಂಬುದೂ ಗೊತ್ತು. ಮುಖ ನೋಡಿ ಹೇಳಲಾಗದ ಮಾತನ್ನು ಅವನು ಬೆನ್ನ ಹಿಂದೆ ಆಡುವುದು ಕಡಿಮೆ.

ಅಚ್ಚಿನ ಲೋಕದಲ್ಲಿ ಲೆಕ್ಕ ಬೇರೆ. ಕನ್ನಡದಲ್ಲಿ ಇಂದು ವಿಮರ್ಶೆ ಎಂದು ಕಾಣಿಸಿಕೊಳ್ಳುವುದರಲ್ಲಿ ಹೆಚ್ಚು ಪಾಲು ಮುನ್ನುಡಿ, ಬೆನ್ನುಡಿ, ಬಿಡುಗಡೆ ಸಮಾರಂಭದ ಭಾಷಣ. ಮೂರೂ ನೋಟಿನ ಹಾರದ ಜಾತಿಯವು. ಸಭೆಯಲ್ಲಿ ಕೂತವರಿಗೆ, ಭಾಷಣಕಾರರು ಪುಸ್ತಕವನ್ನು ಎಷ್ಟನೇ ಪುಟದವರೆಗೆ ಓದಿ ಬಂದಿದ್ದಾರೆಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಇನ್ನೊಂದು ಕಡೆ ಸಿನಿಮಾ: ಮೊದಲ ದಿನ ಮೊದಲ ಆಟ ಮುಗಿಯುವುದರೊಳಗೆ ಫೋನು ಹಿಡಿದವರು ಥಿಯೇಟರಿನ ಬಾಗಿಲಲ್ಲೇ ತೀರ್ಪು ಕೊಟ್ಟು ಮುಗಿಸಿರುತ್ತಾರೆ, ಹೊಗಳಲು ದುಡ್ಡು, ತೆಗಳಲೂ ದುಡ್ಡು ಎಂಬ ಗುಮಾನಿ ಗಾಂಧಿನಗರದ ತುಂಬ ಹಬ್ಬಿದೆ. ಕೆಟ್ಟ ವಿಮರ್ಶೆ ಬಾರದಂತೆ ತಡೆಯಾಜ್ಞೆ ಕೋರಿ ನಿರ್ಮಾಪಕರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನೂ ಕನ್ನಡ ಚಿತ್ರರಂಗ ಕಂಡಿದೆ. ಕೋಟಿಗಟ್ಟಲೆ ಹಾಕಿದವರ ಸಂಕಟ ಅರ್ಥವಾಗುವಂಥದ್ದು. ಆದರೆ ಕಾರಣ ಕೊಡದ ಬೈಗುಳಕ್ಕೂ ಕಾರಣ ಕೊಟ್ಟ ಆಕ್ಷೇಪಕ್ಕೂ ಒಂದೇ ಬೀಗ ಜಡಿದರೆ ನಷ್ಟ ಆಗುವುದು ಎರಡನೆಯದಕ್ಕೆ. ಬೈಯುವವನಿಗೆ ಏನು, ಇನ್ನೊಂದು ಹೆಸರಿನಲ್ಲಿ ಬರುತ್ತಾನೆ.

ಮಂಡ್ಯ ಜಿಲ್ಲೆಯವರೇ ಆದ ಇಬ್ಬರ ಕಥೆ ನೋಡಿದರೆ, ವಿಮರ್ಶೆ ಎಲ್ಲಿ ಎಡವುತ್ತದೆ, ಎಲ್ಲಿ ಚೇತರಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ. ಓದುಗರು ಅದನ್ನು ಮದುವೆಯ ಉಡುಗೊರೆಯಾಗಿ ಕೊಟ್ಟರು, ಪಿ. ಕಾಳಿಂಗರಾಯರ ಕಾಲದಿಂದ ಸಿ. ಅಶ್ವತ್ಥ್ ಕಾಲದವರೆಗೆ ಗಾಯಕರು ಕವಿಯ ಪದಗಳನ್ನು ಊರೂರಿಗೆ ಒಯ್ದರು, ಮುದ್ರಣದ ಮೇಲೆ ಮುದ್ರಣವಾಯಿತು. ವಿಮರ್ಶೆಗೆ ಈ ಜನಪ್ರಿಯತೆಯೇ ಕಣ್ಣಿಗೆ ಬಿದ್ದ ಧೂಳಾಯಿತು. 'ಪ್ರೇಮಕವಿ', 'ದಾಂಪತ್ಯದ ಕವಿ' ಎಂಬ ಹಣೆಪಟ್ಟಿ ಅಂಟಿಸಿ ಪಕ್ಕಕ್ಕಿಡುವುದು ನವ್ಯದ ಕಾವಿನ ದಿನಗಳಲ್ಲಿ ಸುಲಭವಿತ್ತು. ಅನುಭವದ ಸಂಕೀರ್ಣತೆ, ವ್ಯಂಗ್ಯ, ಪ್ರತಿಮೆ ಇವು ಆ ಕಾಲದ ಅಳತೆಗೋಲುಗಳು. ಮಾವನ ಮನೆಗೆ ಹೋಗುವ ಸಂಭ್ರಮ, ಬಳೆಗಾರನ ಮಾತು, ಶಾನುಭೋಗರ ಮನೆಯ ಹೆಣ್ಣು ಇವುಗಳಿಗೆ ಆ ಕೋಲಿನ ಮೇಲೆ ಗೀಟೇ ಇರಲಿಲ್ಲ. ಕವಿ ಸ್ವತಃ 'ಶಿಲಾಲತೆ'ಯ (1958) ಹೊತ್ತಿಗೆ ದನಿ ಬದಲಿಸಿದರು. ವಿಮರ್ಶಕರು ಅದನ್ನು ಬೆಳವಣಿಗೆ ಎಂದರು, ಓದುಗರು ಮಲ್ಲಿಗೆಯ ಬಳಿಯೇ ಉಳಿದರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 'ತೆರೆದ ಬಾಗಿಲು'ಗೆ, 1977ರಲ್ಲಿ.

ಇಲ್ಲಿ ಯಾರು ಸರಿ? ಇಬ್ಬರೂ ಅರ್ಧ ಸರಿ ಎನ್ನಬೇಕು. ನವ್ಯದ ಓದು ಇಲ್ಲದಿದ್ದರೆ 'ಶಿಲಾಲತೆ', 'ತೆರೆದ ಬಾಗಿಲು'ಗಳ ಗಟ್ಟಿತನ ಕಾಣಿಸುತ್ತಲೇ ಇರಲಿಲ್ಲ. ಆದರೆ ಒಂದು ಪುಸ್ತಕ ಮೂರು ತಲೆಮಾರಿನ ಮನೆಗಳಲ್ಲಿ ಬಾಯಿಪಾಠವಾಗಿ ಉಳಿದಿದೆ ಎಂದಾಗ, ಅದಕ್ಕೆ ಕಾರಣ ಹುಡುಕುವುದು ವಿಮರ್ಶಕನ ಕೆಲಸದ ಒಳಗೇ ಬರುತ್ತದೆ. ಜನಕ್ಕೆ ಮೆಚ್ಚಿಗೆಯಾದದ್ದು ಕೀಳಿರಬೇಕು ಎಂಬ ಊಹೆ, ಜನಕ್ಕೆ ಮೆಚ್ಚಿಗೆಯಾದದ್ದು ಮೇಲಿರಬೇಕು ಎಂಬ ಊಹೆಯಷ್ಟೇ ಸೋಮಾರಿತನದ್ದು. 1992ರಲ್ಲಿ ಟಿ.ಎಸ್. ನಾಗಾಭರಣ ಆ ಕವಿತೆಗಳನ್ನು ಸ್ವಾತಂತ್ರ್ಯ ಚಳವಳಿಯ ಹಿನ್ನೆಲೆಯ ಕಥೆಗೆ ಹೆಣೆದು ಸಿನಿಮಾ ಮಾಡಿದಾಗ, ಸಂಕಲನದಿಂದ ಸದ್ದಿಲ್ಲದೆ ಹೊರಗುಳಿದಿದ್ದ 1942ರ ನಾಡು ಮತ್ತೆ ಅದರ ಪಕ್ಕದಲ್ಲಿ ಬಂದು ನಿಂತಿತು. ದೇಶವೆಲ್ಲ ಹೊತ್ತಿ ಉರಿಯುತ್ತಿದ್ದ ವರ್ಷ ಒಬ್ಬ ಕವಿ ಹೆಂಡತಿಯ ಮೇಲೆ ಹಾಡು ಕಟ್ಟಿದ್ದೇಕೆ ಎಂಬ ಪ್ರಶ್ನೆಯನ್ನು ಕೇಳಲು ಒಬ್ಬ ನಿರ್ದೇಶಕ ಬೇಕಾಯಿತು.

ಇನ್ನೊಬ್ಬರು ತ್ರಿವೇಣಿ. ಆ ಹೆಸರಿನಿಂದಲೇ ಮನೆಮಾತಾದ ಅನಸೂಯಾ ಶಂಕರ್ 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ಬಿಎಂಶ್ರೀಯವರ ತಮ್ಮನ ಮಗಳು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದರು. 1963ರಲ್ಲಿ ತೀರಿಕೊಂಡಾಗ ವಯಸ್ಸು 35 ಕೂಡ ತುಂಬಿರಲಿಲ್ಲ, ಅಷ್ಟರಲ್ಲಿ 20ರಷ್ಟು ಕಾದಂಬರಿ ಬರೆದಿದ್ದರು. ದೊಡ್ಡಪ್ಪನ ಪುಸ್ತಕಗಳು ವಿಶ್ವವಿದ್ಯಾಲಯದ ಪಠ್ಯಕ್ಕೆ ಹೋದವು, ಮಗಳ ಪುಸ್ತಕಗಳು ಬೀದಿಬದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗೆ. ದಿನಕ್ಕಿಷ್ಟು ಬಾಡಿಗೆ ಕೊಟ್ಟು ಆ ಕಾದಂಬರಿಗಳನ್ನು ಒಯ್ಯುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಮಧ್ಯಾಹ್ನ ಅಡುಗೆಮನೆ ಸಾರಿಸಿ ಬಂದು ಹಜಾರದ ಚಾಪೆಯ ಮೇಲೆ ಕೂತು ಓದಿ, ಅಕ್ಕಪಕ್ಕದವರೊಡನೆ ಚರ್ಚಿಸಿ, ಸಂಜೆಗೆ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದರು. ಅವರ ಆ ಚರ್ಚೆಗಳನ್ನು ಯಾರೂ ಬರೆದಿಡಲಿಲ್ಲ.

'ಶರಪಂಜರ'ದ ಕಾವೇರಿ ಬಾಣಂತನದ ಬೆನ್ನಲ್ಲೇ ಮಾನಸಿಕ ಕಾಯಿಲೆಗೆ ತುತ್ತಾಗುತ್ತಾಳೆ. ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಮನೆಗೆ ಬರುತ್ತಾಳೆ. ಕಥೆಯ ಕಷ್ಟ ಶುರುವಾಗುವುದೇ ಆಮೇಲೆ. ಅವಳು ನಕ್ಕರೆ ಅನುಮಾನ, ಸಿಟ್ಟು ಮಾಡಿಕೊಂಡರೆ ಅನುಮಾನ. ಗಂಡನ ನಡತೆಯನ್ನು ಅವಳು ಪ್ರಶ್ನಿಸಿದರೆ ಆ ಪ್ರಶ್ನೆಯೇ ಕಾಯಿಲೆ ಮರುಕಳಿಸಿದ್ದಕ್ಕೆ ಸಾಕ್ಷಿಯಾಗುತ್ತದೆ. ಒಂದು ಕಾಲದ ವಿಮರ್ಶೆ ಇದನ್ನು 'ಮನೋವೈಜ್ಞಾನಿಕ ಕಾದಂಬರಿ' ಎಂಬ ಗೂಡಿಗೆ ಹಾಕಿ, ಕೇಸ್ ಹಿಸ್ಟರಿ ಓದಿದಂತೆ ಓದಿತು. ಭಾಷೆ ಸರಳ, ಹೆಣಿಗೆ ಸಡಿಲ, ಮಧ್ಯಮವರ್ಗದ ಆವರಣ ದಾಟಿಲ್ಲ ಎಂಬ ಮಾತುಗಳು ಬಂದವು. ಅವು ಪೂರ್ತಿ ಸುಳ್ಳಲ್ಲ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದಾಗ ಕಲ್ಪನಾ ಅಭಿನಯದ ಬಗ್ಗೆ ಬಂದಷ್ಟು ಮಾತು ಮೂಲ ಕಾದಂಬರಿಯ ಬಗ್ಗೆ ಬರಲಿಲ್ಲ.

ವಿಜಯಾ ದಬ್ಬೆ, ಬಿ.ಎನ್. ಸುಮಿತ್ರಾಬಾಯಿ ಮುಂತಾದವರು ಕನ್ನಡದಲ್ಲಿ ಸ್ತ್ರೀವಾದಿ ವಿಮರ್ಶೆಗೆ ನೆಲೆ ಕಲ್ಪಿಸಿದ ಮೇಲೆ ಇಂಥ ಕೃತಿಗಳನ್ನು ಬೇರೆ ರೀತಿ ಓದುವ ದಾರಿ ತೆರೆಯಿತು. ಹುಚ್ಚು ಎಂದು ಹೆಸರಿಡುವ ಹಕ್ಕು ಯಾರದು? ಗಂಡಿನ ತಪ್ಪಿಗೆ ಮನೆ ಇಟ್ಟಿರುವ ಹೆಸರು ಯಾವುದು, ಹೆಣ್ಣಿನ ಸಿಟ್ಟಿಗೆ ಇಟ್ಟಿರುವ ಹೆಸರು ಯಾವುದು? ಈ ಪ್ರಶ್ನೆ ಹಾಕಿಕೊಂಡು ಓದಿದಾಗ ಕಾವೇರಿಯ ಮನೆಯ ಒಂದೊಂದು ಮಾತುಕತೆಯೂ ಹರಿತವಾಗುತ್ತದೆ, ಸಡಿಲ ಎನಿಸಿದ್ದ ಕಡೆ ಬಿಗಿ ಕಾಣುತ್ತದೆ. ಹಾಗೆಂದು ಹಳೆಯ ಆಕ್ಷೇಪಗಳೆಲ್ಲ ಕರಗಿಹೋದವು ಎನ್ನಲಾಗದು. ತ್ರಿವೇಣಿಯವರ ಕೆಲವು ಕಾದಂಬರಿಗಳು ಅವಸರದಲ್ಲಿ ಮುಗಿಯುತ್ತವೆ, ಕೆಲವು ಪಾತ್ರಗಳು ಕಥೆಯ ಅನುಕೂಲಕ್ಕಾಗಿ ಬರುತ್ತವೆ. ಅಭಿಮಾನದ ಮಾತನ್ನು ವಿಮರ್ಶೆ ಎಂದು ಮಾರಿದರೆ ಅದೂ ಒಂದು ಬಗೆಯ ಅಸಡ್ಡೆಯೇ. ಬೇರೆ ಲೇಖಕರಿಗೆ ಹಾಕುವ ಪಟ್ಟನ್ನು ಅವರಿಗೂ ಹಾಕುವುದೇ ಗೌರವ.

ಇಂಥ ಹೊಸ ಪ್ರಶ್ನೆಗಳು ಯಾವಾಗಲೂ ಸೆಮಿನಾರಿನಲ್ಲಿ ಹುಟ್ಟುತ್ತವೆ ಎನ್ನುವಂತಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದುಬಿಟ್ಟರು. ಊರೂರಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿಯೂ ಹೋಯಿತು. ವಿಮರ್ಶೆಯ ಲೆಕ್ಕದಲ್ಲಿ ನೋಡಿದರೆ ಅದು ಒಂದೇ ಪದದ ತೀರ್ಪು. ಯಾವ ಕೃತಿ, ಯಾಕೆ ಎಂಬ ವಿವರ ಅದರಲ್ಲಿ ಇರಲಿಲ್ಲ. ಆದರೆ ಆ ಪದದ ಹಿಂದೆ ಒಂದು ಪ್ರಶ್ನೆ ನಿಂತಿತ್ತು: ಈ ಸಾಹಿತ್ಯದಲ್ಲಿ ನಮ್ಮ ಕೇರಿ ಎಲ್ಲಿದೆ? ರಸ, ಧ್ವನಿ, ಪ್ರತಿಮೆಗಳ ಬಗ್ಗೆ ಅಚ್ಚುಕಟ್ಟಾಗಿ ಬರೆದ ದೊಡ್ಡ ದೊಡ್ಡ ವಿಮರ್ಶಕರು ಕೇಳದೆ ಬಿಟ್ಟಿದ್ದ ಪ್ರಶ್ನೆ. ಅದಕ್ಕೆ ವಿವರವಾದ ಉತ್ತರ ಕೃತಿಗಳ ರೂಪದಲ್ಲೇ ಬಂತು. ದೇವನೂರ ಮಹಾದೇವ ಅವರ 'ದ್ಯಾವನೂರು' ಪ್ರಕಟವಾದದ್ದೂ 1973ರಲ್ಲೇ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಆ ಚಳವಳಿಯಿಂದ ಬಂದ ಡಿ.ಆರ್. ನಾಗರಾಜ್ ತೀರಿಕೊಂಡ ಮರುವರ್ಷ, 1999ರಲ್ಲಿ, ಅವರ 'ಸಾಹಿತ್ಯ ಕಥನ'ಕ್ಕೆ ಕೇಂದ್ರ ಅಕಾಡೆಮಿ ಪ್ರಶಸ್ತಿ ಬಂತು. ಪಾತ್ರ ಯಾರ ಮನೆಗೆ ಹೋಯಿತು ಎಂದು ನೋಡುವ ಟೀ ಅಂಗಡಿಯ ನಾಲ್ಕನೆಯವನನ್ನು ಕಿಡಿಗೇಡಿ ಎಂದು ತಳ್ಳಿಹಾಕುವ ಮುಂಚೆ ಇದನ್ನು ನೆನೆಯಬೇಕು. ಅವನಿಗೆ ಶ್ರುತಿ ಗೊತ್ತಿಲ್ಲದಿರಬಹುದು, ಅವನು ಕಂಡದ್ದು ಸುಳ್ಳಲ್ಲ.

ಹಾಗಾದರೆ ಯಾವ ಮಾರ್ಗ ಮೇಲು ಎಂಬ ಪ್ರಶ್ನೆ ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಅದು ಹೆಚ್ಚು ಫಲ ಕೊಡುವ ಪ್ರಶ್ನೆಯಂತೆ ಕಾಣುವುದಿಲ್ಲ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು (1953) ಅರಗಿಸಿಕೊಂಡವನು ಒಂದು ಪದ್ಯದ ಒಳಗೆ ಎಷ್ಟು ಹೊತ್ತು ನಿಲ್ಲಬಲ್ಲನೋ ಅಷ್ಟು ಹೊತ್ತು ಜಾತಿಯ ಲೆಕ್ಕ ಹಿಡಿದು ಬಂದವನು ನಿಲ್ಲಲಾರ. ಜಾತಿಯ ಲೆಕ್ಕ ಹಿಡಿದವನಿಗೆ ಪದ್ಯದಲ್ಲಿ ಇಲ್ಲದ್ದು ಕಾಣುತ್ತದೆ, ಮೀಮಾಂಸಕನಿಗೆ ಇರುವುದಷ್ಟೇ ಕಾಣುತ್ತದೆ. ತೊಂದರೆ ಬರುವುದು ಪುಸ್ತಕ ತೆರೆಯುವ ಮೊದಲೇ ತೀರ್ಪು ಸಿದ್ಧವಿರುವಾಗ. ಲೇಖಕನ ಹೆಸರು, ಜಾತಿ, ಪಕ್ಷ, ಪ್ರಕಾಶಕ ಇಷ್ಟು ತಿಳಿದರೆ ವಿಮರ್ಶೆ ಏನು ಹೇಳಲಿದೆ ಎಂದು ಊಹಿಸಬಹುದಾದ ಸ್ಥಿತಿ ಎಡಕ್ಕೂ ಬಲಕ್ಕೂ ಇದೆ. ಎಸ್.ಎಲ್. ಭೈರಪ್ಪನವರ ಕಾದಂಬರಿಗಳ ಸುತ್ತ ನಡೆದ ವಾಗ್ವಾದಗಳಲ್ಲಿ ಕಾದಂಬರಿಯ ಹೆಣಿಗೆ, ಪಾತ್ರ, ಗದ್ಯದ ಬಗ್ಗೆ ಆಡಿದ ಮಾತು ಎಷ್ಟು, ಭೈರಪ್ಪನವರ ಪರ-ವಿರೋಧ ಆಡಿದ ಮಾತು ಎಷ್ಟು ಎಂದು ಯಾರಾದರೂ ಕೂತು ನೋಡಿದರೆ ಮುಜುಗರವಾದೀತು.

ವಿಮರ್ಶೆ ಮಾಡುವ ರೀತಿಯ ಮಾತು ಬಂದಾಗ ಮಂಡ್ಯ ಜಿಲ್ಲೆಯವರೇ ಆದ ಇನ್ನೊಬ್ಬರು ನೆನಪಾಗುತ್ತಾರೆ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದವರು. ಲಲಿತ ಪ್ರಬಂಧಕಾರ ಎಂದು ಹೆಚ್ಚು ಪ್ರಸಿದ್ಧರಾದರೂ ಮಾಸ್ತಿಯವರ ಕಥೆಗಳ ಮೇಲೆ, ಶೇಕ್ಸ್‌ಪಿಯರನ ಮೇಲೆ ನಿಧಾನವಾಗಿ ಬರೆದ ವಿಮರ್ಶಕರು. ತೊಂಬತ್ತರ ವಯಸ್ಸಿನಲ್ಲಿ 'ದೇವರು' ಪುಸ್ತಕ ಬರೆದು ಆಸ್ತಿಕರ ನಾಡಿನಲ್ಲಿ ನಾಸ್ತಿಕ ವಾದ ಮಂಡಿಸಿದರು. ಆ ಪುಸ್ತಕವನ್ನು ದೇವರಮನೆ ಇರುವ ಮನೆಗಳಲ್ಲೂ ಜನ ಓದಿದರು. ಎದುರಿಗಿರುವವನ ನಂಬಿಕೆಯನ್ನು ಅದರ ಅತ್ಯಂತ ಗಟ್ಟಿ ರೂಪದಲ್ಲಿ ಮುಂದಿಟ್ಟುಕೊಂಡು, ಆಮೇಲೆ ಒಪ್ಪಿಗೆಯಿಲ್ಲ ಎನ್ನುವ ಅವರ ಕ್ರಮಕ್ಕೆ ಪುಸ್ತಕ ವಿಮರ್ಶೆಯ ಅಂಕಣಗಳಲ್ಲಿ ಇವತ್ತು ಜಾಗ ಕಡಿಮೆ. ಜಾಗ ಎಂದರೆ ಅಕ್ಷರಶಃ ಜಾಗವೇ: ಮುನ್ನೂರು ಪದಗಳಲ್ಲಿ ಕಥಾಸಾರ ಹೇಳಿ, ಮುಖಪುಟ ಕಲಾವಿದರನ್ನು ಅಭಿನಂದಿಸಿ, ಮುದ್ರಣದೋಷಕ್ಕೆ ವಿಷಾದಿಸುವುದರೊಳಗೆ ಅಂಕಣ ಮುಗಿದಿರುತ್ತದೆ.

2024ರ ಡಿಸೆಂಬರಿನಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ ನಡೆಯಿತು, ಗೊ.ರು. ಚನ್ನಬಸಪ್ಪ ಅಧ್ಯಕ್ಷರು. ಜಿಲ್ಲೆಗೆ ಬಂದ ಮೂರನೆಯ ಸಮ್ಮೇಳನ ಅದು. 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗರು ಇಲ್ಲಿ ಅಧ್ಯಕ್ಷತೆ ವಹಿಸಿದ್ದರು. 2024ರ ಸಮ್ಮೇಳನದ ಬಗ್ಗೆ ನಾಡೆಲ್ಲ ಎದ್ದ ದೊಡ್ಡ ಚರ್ಚೆ ಬಾಡೂಟದ್ದು. ಊಟದ ಪಂಕ್ತಿಯಲ್ಲಿ ಯಾರ ಊಟ ಇದೆ, ಯಾರದ್ದು ಇಲ್ಲ ಎಂಬುದು ಸಣ್ಣ ಪ್ರಶ್ನೆಯೇನಲ್ಲ, ಕೊನೆಗೆ ಮೊಟ್ಟೆ ಹಂಚಿದ್ದೂ ಆಯಿತು. ಆದರೆ ಆ ಚರ್ಚೆಯಲ್ಲಿ ಕಂಡ ಬಿಸಿ, ವಾದಕ್ಕೆ ವಾದ ಕೊಡುವ ಹುರುಪು, ಪುರಾವೆ ಹುಡುಕುವ ಶ್ರದ್ಧೆ ಪುಸ್ತಕವೊಂದರ ಬಗ್ಗೆ ಕಂಡದ್ದು ಯಾವಾಗ? ಗೋಷ್ಠಿಗಳಲ್ಲಿ ಒಬ್ಬೊಬ್ಬರಿಗೆ ಸಿಗುವ ಹತ್ತು ಹನ್ನೆರಡು ನಿಮಿಷದಲ್ಲಿ ಅರ್ಧ ಭಾಗ ವೇದಿಕೆಯ ಮೇಲಿನವರ ಹೆಸರು ಹೇಳುವುದಕ್ಕೇ ಸರಿಹೋಗುತ್ತದೆ.

ಸಾಹಿತ್ಯ ಪರಿಷತ್ತಿನ ಮದ್ದೂರು, ಮಳವಳ್ಳಿ ತಾಲ್ಲೂಕು ಸಮ್ಮೇಳನಗಳಿಗಾದರೂ ಬೇರೆ ಪ್ರಯೋಗ ಮಾಡುವ ಸ್ವಾತಂತ್ರ್ಯವಿದೆ. ಮೆರವಣಿಗೆ, ಸನ್ಮಾನ ಎಲ್ಲ ಇರಲಿ. ಒಂದು ಮಧ್ಯಾಹ್ನವನ್ನು ಒಂದೇ ಪುಸ್ತಕಕ್ಕೆ ಬಿಡಬೇಕು. ಎರಡು ತಿಂಗಳು ಮುಂಚೆ ಅದರ ಹೆಸರು ಸಾರಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಪ್ರತಿ ಸಿಗುವಂತೆ ಮಾಡಬೇಕು. ವೇದಿಕೆಯಲ್ಲಿ ನಾಲ್ಕೇ ಜನ, ಒಬ್ಬರು ಇನ್ನೊಬ್ಬರ ಮಾತನ್ನು ಒಪ್ಪದವರೇ ಆಗಿರಬೇಕು. ಆಡುವ ಪ್ರತಿ ಮಾತಿಗೂ ಪುಟ ತೆರೆದು ತೋರಿಸಬೇಕು. ಆಮೇಲೆ ಸಭೆಯ ಸರದಿ, ಅದಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದ ಹೊತ್ತು. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂರಬಲ್ಲ ಸೀಮೆಯ ಜನಕ್ಕೆ ಒಂದು ಮಧ್ಯಾಹ್ನ ಹೆಚ್ಚಾಗಲಾರದು. ಮೊದಲ ವರ್ಷಕ್ಕೆ 'ಶರಪಂಜರ'ವನ್ನೇ ಇಟ್ಟುಕೊಳ್ಳಬಹುದು. ಆ ನಾಲ್ವರಲ್ಲಿ ಒಬ್ಬರು ಮನೋವೈದ್ಯರಿರಲಿ, ಒಬ್ಬರು ಆ ಕಾದಂಬರಿಯನ್ನು ಲೈಬ್ರರಿಯಿಂದ ಬಾಡಿಗೆಗೆ ತಂದು ಓದಿದ ಕಾಲದ ಹೆಣ್ಣುಮಗಳಿರಲಿ.